ಮಂಗ ಸಾಯುವ ಮುನ್ನ: ಕಾಡಿನ ಉಣುಗಿನಲ್ಲಿ ವೈರಾಣು ಹುಡುಕುವ ಲೆಕ್ಕಾಚಾರ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ದರಕು ಗುಡಿಸುವ ಕೆಲಸ ಶುರುವಾಗುತ್ತದೆ. ಕೊಟ್ಟಿಗೆಗೆ ಹಾಸಲು ಒಣಗೆಲೆ ಬೇಕು, ಗೊಬ್ಬರದ ಗುಂಡಿಗೆ ಸೊಪ್ಪು ಬೇಕು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡಬೇಕು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇವೆಲ್ಲವೂ ಜನರನ್ನು ಕಾಡಿಗೆ ಕರೆಯುತ್ತವೆ. ಅದೇ ತಿಂಗಳುಗಳಲ್ಲಿ ಕಾಡಿನ ನೆಲದ ಮೇಲೆ, ಕುರುಚಲು ಗಿಡಗಳ ತುದಿಯಲ್ಲಿ, ಎಳ್ಳುಕಾಳಿಗಿಂತ ಸಣ್ಣ ಉಣುಗುಗಳು ಮುಂಗಾಲು ಚಾಚಿ ಕಾದಿರುತ್ತವೆ. ಅವುಗಳಲ್ಲಿ ಬಹುಪಾಲು ನಿರಪಾಯಕಾರಿ. ಕಚ್ಚಿದರೆ ಒಂದೆರಡು ವಾರ ತುರಿಸಿ ಮರೆತುಹೋಗುತ್ತವೆ. ಎಲ್ಲೋ ಕೆಲವದರ ಹೊಟ್ಟೆಯಲ್ಲಿ ಮಾತ್ರ ಮಂಗನ ಕಾಯಿಲೆಯ ವೈರಾಣು ಇರುತ್ತದೆ. ಆ ಕೆಲವು ಯಾವುವು, ಎಲ್ಲಿವೆ, ಈ ವರ್ಷ ಎಷ್ಟಿವೆ ಎಂದು ಮೊದಲೇ ತಿಳಿದುಕೊಳ್ಳಲು ಸಾಧ್ಯವೇ? ಕಾಡಿನ ಉಣುಗುಗಳನ್ನು ಹಿಡಿದು ವೈರಾಣುವಿಗಾಗಿ ಪರೀಕ್ಷಿಸುವ ಕೆಲಸ ಶಿವಮೊಗ್ಗದ ನೆಲದಲ್ಲಿ ಆರಂಭವಾಗಿ ಆರೂವರೆ ದಶಕ ದಾಟಿದೆ. ಅದರಿಂದ ಕಲಿತದ್ದು ಬಹಳ. ಕಲಿತದ್ದನ್ನು ಬಳಸಿಕೊಂಡದ್ದು ಅಷ್ಟಿಲ್ಲ ಎಂಬುದು ಈ ಲೇಖನದ ವಾದ.

ಕಥೆ ಹಳೆಯದು, ಆದರೆ ಅದರ ಒಂದು ತಿರುವನ್ನು ಇಲ್ಲಿ ನೆನೆಯಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನ ಜ್ವರಕ್ಕೆ ಬಿದ್ದರು. ಪುಣೆಯಲ್ಲಿ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ತೆರೆದಿದ್ದ ವೈರಾಣು ಸಂಶೋಧನಾ ಕೇಂದ್ರದ ತಜ್ಞರಿಗೆ ಮೊದಲು ಹೊಳೆದದ್ದು ಹಳದಿ ಜ್ವರ. ಮಂಗ ಸಾಯುತ್ತದೆ, ಮನುಷ್ಯ ಸಾಯುತ್ತಾನೆ, ಸೊಳ್ಳೆಗೆ ಬರವಿಲ್ಲ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕಂಡ ಚಿತ್ರವೇ ಅದು. ಆದರೆ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರ್ಯಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳಿಗೆ ಮಂಗಗಳಲ್ಲಿ, ರೋಗಿಗಳಲ್ಲಿ ಮತ್ತು ಉಣುಗುಗಳಲ್ಲಿ ಸಿಕ್ಕ ವೈರಾಣು ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ಕುಲಕ್ಕೆ ಸೇರಿತ್ತು. ಸೋವಿಯತ್ ದೂರಪ್ರಾಚ್ಯದಲ್ಲಿ 1937ರಲ್ಲಿ ಲೆವ್ ಜಿಲ್ಬರ್ ನೇತೃತ್ವದ ತಂಡ ಆ ಕಾಯಿಲೆಯ ಮೂಲವನ್ನು ಕಾಡಿನ ಉಣುಗಿನಲ್ಲಿ ಪತ್ತೆ ಮಾಡಿತ್ತು. ಎರಡೂ ಕಡೆ ರಹಸ್ಯ ಬಿಡಿಸಿದ್ದು ಕಾಡಿಗೆ ಹೋಗಿ ಉಣುಗು ಹಿಡಿದವರು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಷ್ಟೇ ಕುಳಿತಿದ್ದರೆ ಹಳದಿ ಜ್ವರದ ಗುಮಾನಿಯಲ್ಲಿ ಸೊಳ್ಳೆಯ ಹಿಂದೆ ಇನ್ನೆಷ್ಟು ವರ್ಷ ಓಡುತ್ತಿದ್ದೆವೋ.

ಅಲ್ಲಿಂದ ಮುಂದಿನ ಒಂದೂವರೆ ದಶಕ ಈ ಬಗೆಯ ಸಮೀಕ್ಷೆಯ ಸುಗ್ಗಿಯ ಕಾಲ. ಸಾಗರದಲ್ಲಿ ಕ್ಷೇತ್ರ ಕೇಂದ್ರವಿತ್ತು. ಕಾಡಿನ ನೆಲ, ದನ, ಮುಸಿಯ, ಇಲಿ, ಮೂಗಿಲಿ, ಹಕ್ಕಿ ಎಲ್ಲದರ ಮೇಲಿನ ಉಣುಗನ್ನೂ ಹೆಕ್ಕಿ, ಜಾತಿವಾರು ವಿಂಗಡಿಸಿ, ಅರೆದು, ಎಳೆಯ ಇಲಿಮರಿಗಳಿಗೆ ಚುಚ್ಚಿ ವೈರಾಣು ಹುಡುಕಿದರು. ವಿಜ್ಞಾನಕ್ಕೆ ಅದುವರೆಗೆ ಗೊತ್ತೇ ಇಲ್ಲದಿದ್ದ ಉಣುಗುಗಳೂ ಸಿಕ್ಕವು. ಅವುಗಳಲ್ಲೊಂದಕ್ಕೆ 1964ರಲ್ಲಿ ಹೀಮಾಫೈಸಾಲಿಸ್ ಕ್ಯಾಸನೂರೆನ್ಸಿಸ್ ಎಂದು ಹೆಸರಿಟ್ಟರು. ಹತ್ತಕ್ಕೂ ಹೆಚ್ಚು ಜಾತಿಯ ಉಣುಗುಗಳಲ್ಲಿ ವೈರಾಣು ದೊರೆತರೂ ಬಹುದೊಡ್ಡ ಪಾಲು ಬಂದದ್ದು ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಒಂದೇ ಜಾತಿಯಿಂದ. ಸೈಬೀರಿಯಾದ ವಲಸೆ ಹಕ್ಕಿಗಳು ವೈರಾಣು ಹೊತ್ತ ಉಣುಗನ್ನು ಇಲ್ಲಿಗೆ ತಂದಿರಬಹುದೇ ಎಂಬ ಊಹೆಯೂ ಆಗ ಹುಟ್ಟಿತು. ಅದನ್ನು ಪರೀಕ್ಷಿಸುವ ಉದ್ದೇಶವೂ ಸೇರಿ, ಸಲೀಂ ಅಲಿ ಮುಂದಾಳ್ತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನೇ ಕೈಗೊಂಡಿತು. ಊಹೆಗೆ ಆಧಾರ ಸಿಗಲಿಲ್ಲ. ವೈರಾಣು ಇಲ್ಲಿಯದೇ, ಈ ಕಾಡಿನ ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುವುದು ಎಂಬ ತಿಳಿವಳಿಕೆ ಬಲಗೊಂಡಿತು.

ಆ ಕಾಲದ ಕೆಲಸ ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ ಉಣುಗಿನ ಪಂಚಾಂಗ. ಸ್ಪಿನಿಜೆರ ತನ್ನ ಬಾಳಿನಲ್ಲಿ ಮೂರು ಸಲ ಮಾತ್ರ ಉಣ್ಣುತ್ತದೆ, ಮೂರು ಬೇರೆ ಬೇರೆ ಪ್ರಾಣಿಗಳ ಮೈಮೇಲೆ. ಮುಂಗಾರು ಇಳಿದಾಗ ಬೆಳೆದ ಉಣುಗುಗಳು ಹೊರಬಂದು ದನ, ಕಾಟಿ, ಕಡವೆಗಳಂಥ ದೊಡ್ಡ ಪ್ರಾಣಿಗಳನ್ನು ಹತ್ತುತ್ತವೆ. ಹೆಣ್ಣು ರಕ್ತ ತುಂಬಿಕೊಂಡು ನೆಲಕ್ಕೆ ಬಿದ್ದು ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ. ಮಳೆ ಹಿಂದೆ ಸರಿಯುವಾಗ ಆರು ಕಾಲಿನ ಲಾರ್ವಾಗಳು ಗುಂಪುಗುಂಪಾಗಿ ಎಲೆಯ ತುದಿಗೇರುತ್ತವೆ. ಇಲಿ, ಹಕ್ಕಿ ಅಥವಾ ಮಂಗದ ರಕ್ತ ಕುಡಿದು ಕಳಚಿ ಬಿದ್ದು, ಪೊರೆ ಬಿಟ್ಟು, ಎಂಟು ಕಾಲಿನ ನಿಂಫ್‌ಗಳಾಗುತ್ತವೆ. ನವೆಂಬರಿನಿಂದ ಮೇವರೆಗೆ ಕಾಡಿನಲ್ಲಿ ಇವುಗಳದೇ ಕಾರುಬಾರು, ಮನುಷ್ಯನಿಗೆ ರೋಗ ದಾಟಿಸುವವೂ ಮುಖ್ಯವಾಗಿ ಇವೇ. ಲಾರ್ವಾ ಇದ್ದಾಗ ಸೋಂಕಿತ ಪ್ರಾಣಿಯಿಂದ ಕುಡಿದ ವೈರಾಣು ಪೊರೆ ಕಳಚಿದ ಮೇಲೂ ಉಳಿದು ನಿಂಫ್‌ಗೆ ದಾಟುತ್ತದೆ. ತಾಯಿಯಿಂದ ಮೊಟ್ಟೆಗೆ ದಾಟುತ್ತದೆ ಎಂಬುದಕ್ಕೆ ಮಾತ್ರ ಈ ಜಾತಿಯಲ್ಲಿ ಗಟ್ಟಿ ಪುರಾವೆಯಿಲ್ಲ. ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಿದರೆ ಸಮೀಕ್ಷೆಯ ಮೊದಲ ಪಾಠ ತಾನಾಗಿಯೇ ಹೊಮ್ಮುತ್ತದೆ: ಅಕ್ಟೋಬರಿನ ಲಾರ್ವಾಗಳನ್ನು ಎಣಿಸಬೇಕು, ನವೆಂಬರ್-ಡಿಸೆಂಬರಿನ ನಿಂಫ್‌ಗಳನ್ನು ಪರೀಕ್ಷಿಸಬೇಕು. ಲಾರ್ವಾದಲ್ಲಿ ವೈರಾಣು ಹುಡುಕುವುದು ಹೆಚ್ಚುಕಡಿಮೆ ಖಾಲಿ ಕಣಜ ತಡಕಿದಂತೆ. ಏಪ್ರಿಲ್‌ನಲ್ಲಿ ನಿಂಫ್ ಪರೀಕ್ಷಿಸುವುದು ಜಾತ್ರೆ ಮುಗಿದ ಮೇಲೆ ತೇರು ಅಲಂಕರಿಸಿದಂತೆ.

ಹಿಡಿಯುವ ವಿಧಾನ ಸರಳ. ಬಿಳಿಯ ಫ್ಲಾನೆಲ್ ಬಟ್ಟೆಯ ಒಂದು ಅಂಚಿಗೆ ಕೋಲು ಕಟ್ಟಿ, ದರಕಿನ ಮೇಲೆ, ಗಿಡಗಂಟಿಗಳ ಮೇಲೆ ನಿಧಾನವಾಗಿ ಎಳೆಯುತ್ತ ಹೋಗುವುದು. ಪ್ರಾಣಿಯೊಂದು ಸವರಿಕೊಂಡು ಹೋಯಿತೆಂದು ತಿಳಿದು ಉಣುಗು ಅದಕ್ಕೆ ಅಂಟಿಕೊಳ್ಳುತ್ತದೆ. ಕೆಲವು ಮಾರಿಗೊಮ್ಮೆ ನಿಂತು, ಚಿಮಟದಿಂದ ಹೆಕ್ಕಿ, ಸೀಸೆಗೆ ಹಾಕಬೇಕು. ವಿಧಾನ ಸರಳವಾದ ಮಾತ್ರಕ್ಕೆ ಅದು ಕೊಡುವ ಸಂಖ್ಯೆ ಸರಳವಲ್ಲ. ಬಟ್ಟೆಗೆ ಸಿಗುವುದು ಆ ಹೊತ್ತಿಗೆ ಹಸಿದು ಮೇಲೇರಿ ಕಾಯುತ್ತಿರುವ ಉಣುಗು ಮಾತ್ರ. ಬಿಸಿಲೇರಿ ಗಾಳಿ ಒಣಗಿದರೆ ಅವೇ ಉಣುಗುಗಳು ದರಕಿನಡಿ ಇಳಿದು ಅಡಗುತ್ತವೆ. ಬೆಳಿಗ್ಗೆ ಎಳೆದ ಬಟ್ಟೆಗೂ ನಡು ಮಧ್ಯಾಹ್ನ ಎಳೆದದ್ದಕ್ಕೂ ಲೆಕ್ಕ ತಾಳೆಯಾಗದು. ಲಾರ್ವಾಗಳು ಒಂದೇ ಮೊಟ್ಟೆರಾಶಿಯಿಂದ ಹುಟ್ಟಿ ಒಂದೆಡೆ ಮುತ್ತಿಕೊಂಡಿರುವುದರಿಂದ, ಅಂಥ ಒಂದು ಗುಂಪಿನ ಮೇಲೆ ಬಟ್ಟೆ ಹಾದರೆ ನೂರಾರು, ಎರಡು ಮಾರು ಆಚೆ ಹಾದರೆ ಸೊನ್ನೆ. ಇಲಿಬಿಲಗಳಲ್ಲಿ, ಹಾರುವ ಅಳಿಲಿನ ಪೊಟರೆಗಳಲ್ಲಿ ಬದುಕುವ ಇಕ್ಸೋಡಿಸ್ ಕುಲದ ಉಣುಗುಗಳು ಬಟ್ಟೆಗೆ ಬರುವುದೇ ಅಪರೂಪ. ಮನುಷ್ಯನಿಗೆ ಅವು ಕಚ್ಚದಿರಬಹುದು. ಆದರೆ ಊರಿಗೆ ಕಾಯಿಲೆ ಬರದ ವರ್ಷಗಳಲ್ಲಿ ವೈರಾಣುವನ್ನು ಕಾಡಿನೊಳಗೆ ಕಾಪಿಡುವವು ಇಂಥವೇ ಇರಬಹುದೆಂಬ ಗುಮಾನಿಗೆ ಕಾರಣಗಳಿವೆ. ಆದ್ದರಿಂದ ಬಟ್ಟೆಯ ಲೆಕ್ಕವನ್ನು ಇಡೀ ಕಾಡಿನ ಲೆಕ್ಕವೆಂದು ಓದಬಾರದು. ಮನುಷ್ಯನ ಕಾಲಿಗೆ ಎದುರಾಗುವ ಉಣುಗಿನ ಲೆಕ್ಕವೆಂದು ಓದಬೇಕು. ನಮಗೆ ತುರ್ತಾಗಿ ಬೇಕಾದದ್ದೂ ಅದೇ.

ಪ್ರಯೋಗಾಲಯ ಸೇರಿದ ಮೇಲೆ ಇನ್ನೊಂದು ಲೆಕ್ಕ ಶುರು. ಒಂದೊಂದೇ ನಿಂಫ್ ಪರೀಕ್ಷಿಸಲು ಹಣ, ಹೊತ್ತು ಎರಡೂ ಸಾಲವು. ಒಂದೇ ಜಾಗದ, ಒಂದೇ ಜಾತಿಯ ಹಲವನ್ನು ಕೂಡಿಸಿ ಒಂದು ಮಾದರಿ ಮಾಡುತ್ತಾರೆ. ಐವತ್ತರಂತೆ ಕೂಡಿಸಿದರೆ ಸಾವಿರ ನಿಂಫ್‌ಗಳಿಗೆ ಇಪ್ಪತ್ತು ಪರೀಕ್ಷೆ. ಇಪ್ಪತ್ತರಲ್ಲಿ ಎರಡು ಮಾದರಿ ವೈರಾಣು ತೋರಿದರೆ, ಪ್ರತಿ ಮಾದರಿಯಲ್ಲೂ ಕನಿಷ್ಠ ಒಂದು ಸೋಂಕಿತ ನಿಂಫ್ ಇತ್ತೆಂದು ಹಿಡಿದು, ಸಾವಿರಕ್ಕೆ ಕನಿಷ್ಠ ಎರಡು ಎಂದು ಬರೆಯುತ್ತಾರೆ. ಇಷ್ಟು ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಸೊನ್ನೆಯ ಮುಂದೆ. ಕಾಡಿನಲ್ಲಿ ಸಾವಿರಕ್ಕೊಂದು ನಿಂಫ್ ಸೋಂಕಿತವಾಗಿದೆ ಎಂದುಕೊಳ್ಳಿ. ಐನೂರು ಹಿಡಿದು ಪರೀಕ್ಷಿಸಿದರೆ ಒಂದೂ ಸಿಗದೇ ಹೋಗುವ ಸಂಭವ ನೂರಕ್ಕೆ ಅರವತ್ತು. ‘ಇಲ್ಲ’ ಎಂಬ ಮಾತನ್ನು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬೇಕಾದರೆ ಸುಮಾರು ಮೂರು ಸಾವಿರ ನಿಂಫ್ ಬೇಕು. ಹೀಗಿರುವಾಗ ಮಂಗ ಸತ್ತ ಜಾಗದಲ್ಲಿ ಅರ್ಧ ದಿನ ಬಟ್ಟೆ ಎಳೆದು, ಎಂಬತ್ತೋ ನೂರೋ ಉಣುಗು ತಂದು, ‘ಉಣುಗಿನಲ್ಲಿ ವೈರಾಣು ಪತ್ತೆಯಾಗಿಲ್ಲ’ ಎಂದು ಹೇಳಿಕೆ ಕೊಟ್ಟರೆ ಅದರ ಬೆಲೆಯೇನು? ವಾಕ್ಯ ಸುಳ್ಳಲ್ಲ, ಕೇಳಿದವರು ಅದರಿಂದ ಪಡೆಯುವ ನೆಮ್ಮದಿ ಸುಳ್ಳು. ಎಷ್ಟು ಹಿಡಿದೆವು, ಯಾವ ಅವಸ್ಥೆಯವು, ಎಷ್ಟು ಉದ್ದಕ್ಕೆ ಬಟ್ಟೆ ಎಳೆದೆವು ಎಂಬುದನ್ನು ಹೇಳದ ಸೊನ್ನೆಗೆ ವಿಜ್ಞಾನದಲ್ಲಿ ಸ್ಥಾನವಿಲ್ಲ.

ಈಗ ಇಡೀ ವ್ಯವಸ್ಥೆಯ ಬುಡಕ್ಕೆ ಬರೋಣ. ನಮ್ಮಲ್ಲಿ ಉಣುಗಿನ ಹುಡುಕಾಟ ಬಹುಮಟ್ಟಿಗೆ ಸತ್ತ ಮಂಗದ ಬೆನ್ನು ಹತ್ತಿ ನಡೆಯುತ್ತದೆ. ಇದಕ್ಕೆ ಒಳ್ಳೆಯ ಕಾರಣವಿದೆ. ಮುಸಿಯ ಮತ್ತು ಕೆಂಪುಮೂತಿಯ ಮಂಗ ಈ ವೈರಾಣುವಿಗೆ ಬೇಗ ಬಲಿಯಾಗುತ್ತವೆ. ಸಾಯುವ ಮುಂಚಿನ ಕೆಲವು ದಿನ ಅವುಗಳ ರಕ್ತದಲ್ಲಿ ವೈರಾಣು ತುಂಬಿ ತುಳುಕುತ್ತದೆ. ಮೈಮೇಲಿದ್ದ ನೂರಾರು ಉಣುಗುಗಳು ಅದನ್ನು ಕುಡಿದು, ಹೆಣ ತಣ್ಣಗಾದಾಗ ಅಲ್ಲಿಯೇ ಇಳಿದು ಹರಡುತ್ತವೆ. ಸತ್ತ ಜಾಗ ಹೀಗೆ ಅಪಾಯದ ಮಡುವಾಗುವುದು ನಿಜ. ಅಲ್ಲಿ ಮೆಲಾಥಿಯಾನ್ ಪುಡಿ ಎರಚುವುದು, ಜನರನ್ನು ದೂರವಿಡುವುದು ಸರಿಯಾದ ಕ್ರಮವೇ. ಆದರೆ ಕಾಡಿನಲ್ಲಿ ಸತ್ತ ಮಂಗಗಳಲ್ಲಿ ಮನುಷ್ಯನ ಕಣ್ಣಿಗೆ ಬೀಳುವುದು ಒಂದು ಪಾಲು. ಬಿದ್ದವುಗಳಲ್ಲಿ ಪರೀಕ್ಷೆಗೆ ಒದಗುವಷ್ಟು ತಾಜಾ ಇರುವುದು ಇನ್ನೂ ಕಡಿಮೆ. ಒಮ್ಮೆ ಕಾಯಿಲೆ ಹಾದುಹೋದ ಕಾಡಿನಲ್ಲಿ ಬದುಕುಳಿದ ಮಂಗಗಳಿಗೆ ರೋಗನಿರೋಧ ಬಂದಿರುತ್ತದೆ. ಅಲ್ಲಿ ವೈರಾಣು ಸುತ್ತುತ್ತಿದ್ದರೂ ಮಂಗ ಸಾಯದಿರಬಹುದು. ಮಂಗದ ಸಾವಿನ ಸುದ್ದಿಯೇ ಇಲ್ಲದೆ ಮನುಷ್ಯರಿಗೆ ಜ್ವರ ಬಂದ ಊರುಗಳೂ ಇವೆ. ಮಂಗವನ್ನೇ ಗಂಟೆಯೆಂದು ನಂಬಿ ಕುಳಿತರೆ ಆ ಗಂಟೆ ಕೆಲವೊಮ್ಮೆ ತಡವಾಗಿ ಬಾರಿಸುತ್ತದೆ, ಕೆಲವೊಮ್ಮೆ ಬಾರಿಸುವುದೇ ಇಲ್ಲ.

ಮಂಗದ ಹಿಂದೆ ಹೋದುದರ ಇನ್ನೊಂದು ಫಲ ನಮ್ಮ ನಕಾಶೆಯಲ್ಲಿ ಕಾಣುತ್ತದೆ. ಐದು ದಶಕಗಳ ಕಾಲ ಮಂಗನ ಕಾಯಿಲೆ ಎಂದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಎಂಬ ಐದು ಜಿಲ್ಲೆಗಳ ಮಾತಾಗಿತ್ತು. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತು, ಅರಣ್ಯದ ಕೆಲಸಗಾರರು ಜ್ವರಕ್ಕೆ ಬಿದ್ದಾಗ ಹುಡುಕಿದರೆ ಮನುಷ್ಯ, ಮಂಗ, ಉಣುಗು ಮೂರರಲ್ಲೂ ವೈರಾಣುವಿತ್ತು. ಬೆನ್ನಿಗೇ ನೀಲಗಿರಿ, ವಯನಾಡು. 2015ರಲ್ಲಿ ಗೋವಾದ ಸತ್ತರಿ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಕಾಯಿಲೆ ನಾಲ್ಕು ವರ್ಷಗಳಲ್ಲಿ ಇಡೀ ಪಶ್ಚಿಮ ಘಟ್ಟಕ್ಕೆ ಹಬ್ಬಿತೇ, ಅಥವಾ ಪಿಸಿಆರ್‌ನಂಥ ಚುರುಕು ಪರೀಕ್ಷೆ ಬಂದುದರಿಂದ ಮೊದಲೇ ಇದ್ದದ್ದು ಕಾಣಿಸತೊಡಗಿತೇ? 1957ರಿಂದ 2017ರವರೆಗಿನ ವೈರಾಣು ಮಾದರಿಗಳ ಜೀನೋಮ್ ಹೋಲಿಸಿದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಅಧ್ಯಯನ, ವೈರಾಣು ನಿಧಾನವಾಗಿ ಬದಲಾಗುತ್ತ ಘಟ್ಟದುದ್ದಕ್ಕೂ ಸಾಗಿದ ಜಾಡನ್ನು ತೋರಿಸುತ್ತದೆ. ಆದ್ದರಿಂದ ಹಬ್ಬಿದ್ದು ನಿಜ. ಆದರೆ ಯಾವ ಕಾಡಿಗೆ ಯಾವಾಗ ತಲುಪಿತು ಎಂಬ ಪ್ರಶ್ನೆಗೆ ಉತ್ತರಿಸಲು ಬಂಡೀಪುರದ 2005ರ ಉಣುಗು, ಸತ್ತರಿಯ 2010ರ ಉಣುಗು ಕೈಯಲ್ಲಿರಬೇಕಿತ್ತು. ಜ್ವರ ಬಂದಲ್ಲಿ ಮಾತ್ರ ಹುಡುಕಿದರೆ ಸಿಗುವ ನಕಾಶೆ ವೈರಾಣುವಿನ ನಕಾಶೆಯೂ ಹೌದು, ನಮ್ಮ ಹುಡುಕಾಟದ ನಕಾಶೆಯೂ ಹೌದು. ಎರಡನ್ನು ಬೇರ್ಪಡಿಸಲು ಬೇರೆ ಸಾಕ್ಷಿಯಿಲ್ಲ.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಸುಳಿವು ಇಲ್ಲದಿಲ್ಲ. ಕೊಲಂಬಿಯಾದಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಬಂದಿದ್ದ ಹೋರ್ಹೆ ಬೊಷೆಲ್ 1969ರಲ್ಲೇ ಒಂದು ಒಳನೋಟ ಕೊಟ್ಟರು: ಕಾಡಂಚು ಕಡಿದು ಗದ್ದೆ ಮಾಡಿದಂತೆ, ದನ ಹೆಚ್ಚಿ ಕಾಡಿನೊಳಗೆ ಮೇಯತೊಡಗಿದಂತೆ, ಬೆಳೆದ ಸ್ಪಿನಿಜೆರ ಉಣುಗಿಗೆ ರಕ್ತದ ಅನ್ನಛತ್ರ ತೆರೆದಂತಾಗಿ ಅದರ ಸಂತತಿ ಉಕ್ಕಿತು. ದನಕ್ಕೆ ಈ ಕಾಯಿಲೆಯಿಲ್ಲ, ಉಣುಗಿಗೆ ಹರಡುವಷ್ಟು ವೈರಾಣುವೂ ಅದರ ರಕ್ತದಲ್ಲಿ ಏಳುವುದಿಲ್ಲ. ಅದು ಉಣುಗಿನ ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತದೆ. 1983ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು ನೂರೈವತ್ತರಷ್ಟು ಮಂದಿ ಸತ್ತ ಘೋರ ಪ್ರಸಂಗವನ್ನು, ಅಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದುದರೊಂದಿಗೆ ಅನೇಕ ತಜ್ಞರು ಜೋಡಿಸಿದ್ದಾರೆ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಕೂಡಿ 2020ರಲ್ಲಿ ಪ್ರಕಟಿಸಿದ ಅಪಾಯದ ನಕಾಶೆಯೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ: ನಿತ್ಯಹರಿದ್ವರ್ಣದ ಕಾಡು ಮತ್ತು ತೋಟ ಕಲಸಿಕೊಂಡಿರುವ, ನಾಟಿ ದನಗಳು ಹೆಚ್ಚಿರುವ ಪ್ರದೇಶಗಳಲ್ಲಿ ಕಾಯಿಲೆಯ ಸಂಭವ ಹೆಚ್ಚು. ಎಂದರೆ ಕಾನಿನ ಅಂಚು, ಸೊಪ್ಪಿನ ಬೆಟ್ಟ, ಅಡಿಕೆ ತೋಟದ ಮೇಲಿನ ಬ್ಯಾಣ. ನಕಾಶೆ ಜಿಲ್ಲೆಯನ್ನೋ ತಾಲ್ಲೂಕನ್ನೋ ತೋರಿಸಬಲ್ಲದು. ಯಾವ ಬ್ಯಾಣ, ಯಾವ ಬೆಟ್ಟ ಎಂದು ಹೇಳಲು ಬಟ್ಟೆಯೇ ಬೇಕು.

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ. ಅತಿ ಬಲವಾದದ್ದು ಯುರೋಪಿನಿಂದ ಬರುತ್ತದೆ. ಅಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರಕ್ಕಾಗಿ ದಶಕಗಳಿಂದ ಲಕ್ಷಾಂತರ ಉಣುಗುಗಳನ್ನು ಪರೀಕ್ಷಿಸಿದ್ದಾರೆ. ಸೋಂಕಿನ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ವೈರಾಣುವಿನ ನೆಲೆಗಳು ಅಲ್ಲೊಂದು ಇಲ್ಲೊಂದು ಚುಕ್ಕೆಯಂಥವು, ಉಣುಗಿನ ಸೋಂಕಿನ ಪ್ರಮಾಣಕ್ಕೂ ಆ ವರ್ಷದ ರೋಗಿಗಳ ಸಂಖ್ಯೆಗೂ ನೇರ ಹೊಂದಾಣಿಕೆ ಸಿಗುವುದು ವಿರಳ. ಹಾಗಿದ್ದಮೇಲೆ ಇಲ್ಲೇಕೆ ಆ ಶ್ರಮ? ಉತ್ತರ ಎರಡು ಪಾಲಾಗಿದೆ. ಮೊದಲನೆಯದು, ಪ್ರಮಾಣವೊಂದನ್ನೇ ನೋಡುವುದು ತಪ್ಪು. ಒಂದು ಬೆಟ್ಟದಲ್ಲಿ ನೂರು ಮೀಟರ್ ಬಟ್ಟೆಗೆ ಹತ್ತು ನಿಂಫ್ ಸಿಕ್ಕು ನೂರಕ್ಕೊಂದು ಸೋಂಕಿತವಾಗಿರಲಿ. ಇನ್ನೊಂದರಲ್ಲಿ ಇನ್ನೂರು ಸಿಕ್ಕು ಐನೂರಕ್ಕೊಂದು ಸೋಂಕಿತವಾಗಿರಲಿ. ಪ್ರಮಾಣ ಮೊದಲನೆಯದರಲ್ಲಿ ಐದು ಪಟ್ಟು ಹೆಚ್ಚು, ಆದರೆ ದರಕು ಗುಡಿಸುವ ಹೆಂಗಸಿಗೆ ಎರಡನೆಯದು ನಾಲ್ಕು ಪಟ್ಟು ಅಪಾಯ. ಸಾಂದ್ರತೆ, ಸೋಂಕಿನ ಪ್ರಮಾಣ, ಜನರ ಓಡಾಟ ಮೂರನ್ನೂ ಗುಣಿಸಿದಾಗಲೇ ಅಪಾಯದ ಅಂದಾಜು. ಎರಡನೆಯದು, ಯುರೋಪಿನಲ್ಲಿ ಜನ ವಿಹಾರಕ್ಕೆ, ಅಣಬೆ ಆರಿಸಲು ಕಾಡಿಗೆ ಹೋಗುತ್ತಾರೆ; ಹವೆ ಹಿತವಾದ ವರ್ಷ ಹೆಚ್ಚು, ಮಳೆ ಸುರಿದ ವರ್ಷ ಕಡಿಮೆ. ಮಲೆನಾಡಿನ ರೈತನ ಕಾಡಿನ ಓಡಾಟ ದುಡಿಮೆಗೆ ಕಟ್ಟುಬಿದ್ದದ್ದು, ವರ್ಷ ವರ್ಷವೂ ಹೆಚ್ಚುಕಡಿಮೆ ಅಷ್ಟೇ. ಮೂರರಲ್ಲೊಂದು ಸ್ಥಿರವಾಗಿರುವಲ್ಲಿ ಉಳಿದೆರಡರ ಅಳತೆಗೆ ಬೆಲೆ ಹೆಚ್ಚು. ಮುಂಗಾಣ್ಕೆ ಕರಾರುವಾಕ್ಕಾಗಿ ಫಲಿಸುತ್ತದೆಂದು ಯಾರೂ ಮಾತು ಕೊಡಲಾಗದು. ಹಲವು ವರ್ಷದ ಸಾಲುಲೆಕ್ಕ ಇಲ್ಲದೆ ಫಲಿಸದು ಎಂದು ತೀರ್ಪು ಕೊಡುವುದೂ ಆಗದು.

ಎರಡನೆಯ ಆಕ್ಷೇಪ ಹಣದ್ದು: ಉಣುಗು ಎಣಿಸುವ ಬದಲು ಲಸಿಕೆಗೆ, ಆಸ್ಪತ್ರೆಗೆ ಹಾಕಬಾರದೇ? ಲಸಿಕೆಯ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ. ಐವತ್ತರ ದಶಕದ ಕೊನೆಗೆ ರಷ್ಯಾದ ಮಿದುಳು ಜ್ವರಕ್ಕೆಂದು ಮಾಡಿದ ಲಸಿಕೆಯನ್ನು ಇಲ್ಲಿ ಕೊಟ್ಟು ನೋಡಿದರು, ಫಲಿಸಲಿಲ್ಲ. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿದ ವೈರಾಣುವಿನಿಂದ ಮಾಡಿದ ನಮ್ಮದೇ ಲಸಿಕೆ 1990ರಿಂದ ಬಳಕೆಯಲ್ಲಿತ್ತು. 2013ರಲ್ಲಿ ಹೊರಬಂದ ಮೌಲ್ಯಮಾಪನದಂತೆ ಎರಡು ಡೋಸಿನಿಂದ ಶೇ. 62ರಷ್ಟು, ಮೇಲೆ ಬೂಸ್ಟರ್ ಕೊಟ್ಟರೆ ಶೇ. 83ರಷ್ಟು ರಕ್ಷಣೆ. ಪದೇ ಪದೇ ಚುಚ್ಚಿಸಿಕೊಳ್ಳಬೇಕಾದ, ನೋವಿನ ಆ ಲಸಿಕೆಗೆ ಜನ ಬೇಸತ್ತಿದ್ದರು. ಗುಣಮಟ್ಟದ ಪರೀಕ್ಷೆಯಲ್ಲಿ ಸೋತು 2022ರಲ್ಲಿ ಅದೂ ನಿಂತಿತು. ಹೊಸ ಲಸಿಕೆಯ ಕೆಲಸ ನಡೆದಿದೆ, ಅದು ಬೇಗ ಬರಲಿ. ಬಂದ ಮೇಲೂ ಯಾರಿಗೆ ಮೊದಲು ಕೊಡಬೇಕು ಎಂದು ಯಾರೋ ನಿರ್ಧರಿಸಬೇಕಲ್ಲ? ರೋಗ ಕಾಣಿಸಿಕೊಂಡ ಊರಿನ ಸುತ್ತ ಕೊಡುವುದು ಈವರೆಗಿನ ವಾಡಿಕೆ. ಕಾಣಿಸಿಕೊಳ್ಳುವ ಹೊತ್ತಿಗೆ ನಿಂಫ್ ಋತು ನಡುಹಗಲಿಗೆ ಬಂದಿರುತ್ತದೆ. ಎರಡು ಡೋಸಿನ ನಡುವೆ ತಿಂಗಳು ಕಾದು ರಕ್ಷಣೆ ಹುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅಕ್ಟೋಬರಿನ ಎಣಿಕೆ, ಡಿಸೆಂಬರಿನ ಪರೀಕ್ಷೆ ಲಸಿಕೆಗೆ ಪೈಪೋಟಿ ಒಡ್ಡುವುದಿಲ್ಲ; ಲಸಿಕೆ ಎಲ್ಲಿ ಇಳಿಯಬೇಕೆಂದು ಅದೇ ತೋರಿಸಬೇಕು. ಇನ್ನು ಆಸ್ಪತ್ರೆ: ಈ ಜ್ವರಕ್ಕೆ ನಿರ್ದಿಷ್ಟ ಔಷಧಿಯಿಲ್ಲ, ಆರೈಕೆಯೇ ಚಿಕಿತ್ಸೆ. ಕಚ್ಚಿಸಿಕೊಳ್ಳದಂತೆ ತಡೆದಷ್ಟೂ ಲಾಭ.

ಎಲ್ಲ ಕಡೆ ಪುಡಿ ಎರಚಿಬಿಟ್ಟರೆ ಈ ಎಣಿಕೆಯ ತಾಪತ್ರಯವೇ ಬೇಡವಲ್ಲ ಎನ್ನುವವರಿದ್ದಾರೆ. ಜೇನು, ಮಣ್ಣಿನ ಹುಳ, ತೊರೆಯ ಮೀನು ಎಲ್ಲವೂ ಹಂಚಿಕೊಂಡ ಕಾಡಿಗೆ ಹೆಕ್ಟೇರುಗಟ್ಟಲೆ ಕೀಟನಾಶಕ ಸುರಿಯುವುದು ಆಗುವ ಮಾತಲ್ಲ, ಮಳೆ-ಇಬ್ಬನಿಗೆ ಅದರ ಪರಿಣಾಮ ಉಳಿಯುವುದೂ ಇಲ್ಲ. ಪುಡಿಗೆ ಅರ್ಥವಿರುವುದು ಸಣ್ಣ, ಖಚಿತ ಜಾಗದಲ್ಲಿ. ಆ ಜಾಗ ತಿಳಿಯಲು ಮತ್ತೆ ಸಮೀಕ್ಷೆಗೇ ಬರಬೇಕು. ಮೈಗೆ ಹಚ್ಚುವ ಡೆಪಾ ತೈಲದ ವಿಷಯವೂ ಹಾಗೆಯೇ. ತೈಲ ಒಳ್ಳೆಯದು, ಸರ್ಕಾರ ಉಚಿತವಾಗಿ ಹಂಚುತ್ತಿದೆ. ಆದರೆ ಬೆವರಿ ದುಡಿಯುವವರು ಐದು ತಿಂಗಳು ದಿನವೂ ತಪ್ಪದೆ ಹಚ್ಚಿಕೊಳ್ಳುತ್ತಾರೆಂದು ನಂಬುವುದು ಕಷ್ಟ. ‘ಈ ವಾರ ಈ ಬೆಟ್ಟಕ್ಕೆ ಹೋಗುವವರು ಹಚ್ಚಿಕೊಳ್ಳಿ’ ಎಂಬ ಮಾತಿಗೆ ಇರುವ ತೂಕ, ವರ್ಷಪೂರ್ತಿ ಗೋಡೆಯ ಮೇಲೆ ನೇತಾಡುವ ಭಿತ್ತಿಪತ್ರಕ್ಕೆ ಇರುವುದಿಲ್ಲ.

ತಾಂತ್ರಿಕ ಆಕ್ಷೇಪವೊಂದು ಉಳಿದಿದೆ. ಪಿಸಿಆರ್ ತೋರಿಸುವುದು ವೈರಾಣುವಿನ ಆರ್‌ಎನ್‌ಎ ತುಣುಕನ್ನು. ತುಣುಕು ಇದ್ದ ಮಾತ್ರಕ್ಕೆ ಜೀವಂತ ವೈರಾಣು ಇದೆಯೆನ್ನಲಾಗದು. ಹಿಂದೆ ಇಲಿಮರಿ ಸತ್ತಾಗ ಅನುಮಾನಕ್ಕೆ ಎಡೆಯಿರುತ್ತಿರಲಿಲ್ಲ. ಮಾತು ಸರಿ. ಆದರೆ ಉಣುಗು ಎಲ್ಲಿಂದ ಬಂತು ಎಂಬುದು ಇಲ್ಲಿ ಮುಖ್ಯ. ಸತ್ತ ಮಂಗದ ಮೈಯಿಂದ ಕಿತ್ತ, ಹೊಟ್ಟೆ ತುಂಬಿದ ಉಣುಗಿನಲ್ಲಿ ಆರ್‌ಎನ್‌ಎ ಸಿಕ್ಕರೆ ಅದು ಮಂಗದ ರಕ್ತದ್ದೇ ಆಗಿರಬಹುದು, ಉಣುಗಿನ ಬಗ್ಗೆ ಹೆಚ್ಚೇನೂ ಹೇಳದು. ಬಟ್ಟೆಗೆ ಸಿಕ್ಕ ಹಸಿದ ನಿಂಫ್‌ನಲ್ಲಿ ಸಿಕ್ಕರೆ, ಲಾರ್ವಾ ಇದ್ದಾಗ ಕುಡಿದ ವೈರಾಣು ಪೊರೆ ಬಿಟ್ಟ ಮೇಲೂ ಉಳಿದಿದೆಯೆಂದು ಅರ್ಥ; ಅದೇ ನಿಜವಾದ ಅಪಾಯದ ಗುರುತು. ಎರಡು ಬಗೆಯ ಉಣುಗನ್ನು ಒಂದೇ ಪಟ್ಟಿಯಲ್ಲಿ ಕಲಸಿ ‘ಇಷ್ಟು ಉಣುಗು ಪಾಸಿಟಿವ್’ ಎಂದು ಬರೆಯುವ ರೂಢಿ ನಿಲ್ಲಬೇಕು. ಹಿಡಿಯುವವರ ಸುರಕ್ಷತೆಯನ್ನೂ ಇಲ್ಲಿಯೇ ಹೇಳಬೇಕು: ಈ ವೈರಾಣುವಿನ ಚರಿತ್ರೆಯಲ್ಲಿ ಕ್ಷೇತ್ರಕ್ಕೆ ಹೋದವರು, ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು ಅನೇಕರು ಕಾಯಿಲೆ ಬಿದ್ದಿದ್ದಾರೆ. ದಿನಗೂಲಿಯ ಮೇಲೆ ಕಳಿಸಿದವರ ಕೈಗೆ ಬಟ್ಟೆ ಕೊಟ್ಟು, ಉದ್ದ ಬೂಟು, ತೈಲ, ವಿಮೆ ಕೊಡದಿರುವುದು ಅಕ್ಷಮ್ಯ.

ಹಾಗಾದರೆ ಬೇಕಾದದ್ದೇನು? ಘಟ್ಟದುದ್ದಕ್ಕೂ ಕೆಲವು ಕಾಯಂ ತಾಣಗಳು: ಕಾನಿನ ಒಳಗೊಂದು, ಅಂಚಿನಲ್ಲೊಂದು, ಸೊಪ್ಪಿನ ಬೆಟ್ಟ, ತೋಟದ ಮೇಲು, ಅಕೇಶಿಯಾ ನೆಡುತೋಪು, ಗೇರುಹಕ್ಕಲು. ಕಾಯಿಲೆ ಬಂದ ಊರುಗಳಷ್ಟೇ ಸಾಲದು, ಎಂದೂ ಬಾರದ ಊರುಗಳೂ ಪಟ್ಟಿಯಲ್ಲಿರಬೇಕು. ಹೋಲಿಸಲು ಆರೋಗ್ಯವಂತ ಕಾಡು ಇಲ್ಲದಿದ್ದರೆ ರೋಗದ ಕಾಡಿನ ಅರ್ಥ ತಿಳಿಯದು. ಸೆಪ್ಟೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ, ಅದೇ ಅಳತೆಯ ಬಟ್ಟೆ, ಅದೇ ಉದ್ದ, ದಿನದ ಅದೇ ಹೊತ್ತು. ಸಿಕ್ಕಷ್ಟೇ ಶ್ರದ್ಧೆಯಿಂದ ಸಿಗದ್ದನ್ನೂ ಬರೆಯುವುದು. ಕೊಟ್ಟಿಗೆಯ ದನಗಳ ಮೇಲೆ ಜೂನ್-ಜುಲೈಯಲ್ಲಿ ಬೆಳೆದ ಉಣುಗಿನ ಎಣಿಕೆಯನ್ನು ಪಶುವೈದ್ಯ ಇಲಾಖೆ ಮಾಡಿದರೆ ಪಂಚಾಂಗದ ಮೊದಲ ಪುಟವೂ ಭರ್ತಿ. ಹೀಗೆ ಆರೋಗ್ಯ, ಅರಣ್ಯ, ಪಶುವೈದ್ಯ ಮೂರು ಇಲಾಖೆಗಳ ಕಡತ ಒಂದಾಗದೆ ಇದು ನಡೆಯದು. ಫಲಿತಾಂಶ ಒಂದು ವಾರದೊಳಗೆ ಗ್ರಾಮ ಪಂಚಾಯಿತಿಗೆ, ಆಶಾ ಕಾರ್ಯಕರ್ತೆಗೆ ಮುಟ್ಟಬೇಕು. ಸಂಶೋಧನಾ ಪತ್ರಿಕೆಯಲ್ಲಿ ಎರಡು ವರ್ಷದ ಮೇಲೆ ಅಚ್ಚಾಗುವ ಸುದ್ದಿ ಸಾಗರದ ಅರಳಗೋಡಿನಂಥ ಊರಿಗೆ ಉಪಯೋಗವಿಲ್ಲ. 2019ರಲ್ಲಿ ಆ ಊರು ಕಂಡ ಸಾವುಗಳು ಮಲೆನಾಡಿಗೆ ಇನ್ನೂ ನೆನಪಿವೆ. ಸುದ್ದಿ ಕೊಟ್ಟರೆ ಜನ ಹೆದರುತ್ತಾರೆ, ಕೂಲಿಯವರು ಬರುವುದಿಲ್ಲ ಎಂಬ ಅಳುಕೂ ಇದೆ. ಯಾವ ಬೆಟ್ಟ ಅಪಾಯ ಎಂದು ಹೇಳದಿದ್ದಾಗ ಇಡೀ ತಾಲ್ಲೂಕೇ ಹೆದರುತ್ತದೆ. ಹೇಳಿದರೆ ಹೆದರಿಕೆ ಆ ಬೆಟ್ಟದಷ್ಟಕ್ಕೆ ನಿಲ್ಲುತ್ತದೆ.

ಉಣುಗಿನ ಸಮೀಕ್ಷೆ ಕಾಯಿಲೆಯನ್ನು ಅಳಿಸಲಾರದು. ಕಾಡು, ದನ, ಮಂಗ, ಮನುಷ್ಯ ಹೀಗೆ ಹೆಣೆದುಕೊಂಡಿರುವವರೆಗೆ ವೈರಾಣು ಇದ್ದೇ ಇರುತ್ತದೆ. ಆದರೆ ಮುಂಗಾರಿಗೆ ದನ ಹತ್ತುವ ಉಣುಗಿಗೂ, ಮಾಘದಲ್ಲಿ ದರಕು ಗುಡಿಸುವವರ ಕಾಲು ಹತ್ತುವ ನಿಂಫ್‌ಗೂ ನಡುವೆ ಆರೇಳು ತಿಂಗಳ ಅಂತರವಿದೆ. ಅರವತ್ತರ ದಶಕದಲ್ಲಿ ಸಾಗರದ ಕಾಡುಗಳಲ್ಲಿ ಬಟ್ಟೆ ಎಳೆದವರು ಈ ಅಂತರವನ್ನು ಕಂಡುಹಿಡಿದು ನಮ್ಮ ಕೈಗಿಟ್ಟರು. ಎಚ್ಚರಿಕೆ ಕೊಡಲು, ತೈಲ ಹಂಚಲು, ದರಕಿನ ಜಾಗ ಬದಲಿಸಲು, ಲಸಿಕೆ ಬಂದರೆ ಅದನ್ನು ಮುಟ್ಟಿಸಲು ಇಷ್ಟು ಕಾಲ ಧಾರಾಳ ಸಾಕು. ಮೊದಲ ಮಂಗ ಸತ್ತ ಸುದ್ದಿ ಬರುವವರೆಗೆ ಕಾದರೆ ಆ ಅವಧಿ ಅಷ್ಟೂ ಮುಗಿದಿರುತ್ತದೆ. ಮುಂದಿನ ಅಕ್ಟೋಬರಿನಲ್ಲಿ ಲಾರ್ವಾಗಳು ಎಲೆಯ ತುದಿಗೇರುವ ಹೊತ್ತಿಗೆ ಬಟ್ಟೆ ಹಿಡಿದವರು ಅಲ್ಲಿರಬೇಕು. ಅವರನ್ನು ಕಳಿಸಿದಿರಾ, ಎಷ್ಟು ಸಿಕ್ಕವು ಎಂದು ಕೇಳುವ ಹಕ್ಕು ಕಾಡಂಚಿನ ಪ್ರತಿ ಗ್ರಾಮಸಭೆಗೂ ಇದೆ, ಅದು ಕೇಳಲಿ.